ಓಬಳೇಶನು ಬಾಗಿಲು ಬಡಿದ ಪರ್ವ

ಮನುಷ್ಯನು ತನ್ನ ಸದ್ಗುಣಗಳನ್ನು ತಾನೇ ಎರಡು ಪುಟಗಳಲ್ಲಿ ಬರೆದು, ಮೂರು ಪ್ರತಿ ಮಾಡಿಸಿ, ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಎದೆಗವಚಿಕೊಂಡು ತಿರುಗುವ ಈ ಕಲಿಯುಗದಲ್ಲಿ, ಹೇ ಝೆರಾಕ್ಸ್‌ಯಂತ್ರಗರ್ಭವಾಸಿನಿಯೇ, ಹರಿದ್ವರ್ಣಪ್ರಭಾಮಂಡಲೆಯೇ, ಮೊದಲ ನಮಸ್ಕಾರ ನಿನಗೆ. ವೇದಾವತೀತೀರದ ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗದ ಮಹಾರಥಿ, ದ್ವಿವಾರಸಪ್ಲಿಮೆಂಟರಿಸಾಗರೋತ್ತೀರ್ಣ, ಎರವಲುಟೈಶೋಭಿತಕಂಠ ಓಬಳೇಶನ ಸಂದರ್ಶನವಿಜಯವನ್ನು ಹಾಡುವ ಬಾಯಿಗೆ ಬಲ ಕೊಡು. ವಿಜಯವೋ ಅಲ್ಲವೋ, ಕೊನೆಗೆ ನೋಡೋಣ.

ವೀರನಿಗೊಂದು ಹಗೆಯಿತ್ತು. ಅದರ ಹೆಸರು ಶಾಮಿಯಾನ. ಸೋದರಮಾವ ಮೈಲಾರಪ್ಪನಿಗೆ ಅದೇ ಊರಲ್ಲಿ ಶಾಮಿಯಾನದ ಅಂಗಡಿ. ಏಳನೆಯ ತರಗತಿಯಿಂದಲೂ ಓಬಳೇಶ ಕಂಡವರ ಮದುವೆಗಳಿಗೆಲ್ಲ ಕಂಬ ನಿಲ್ಲಿಸಿ, ಹಗ್ಗ ಬಿಗಿದು, ಪಾಯಸ ಮುಗಿದ ಮೇಲಿನ ಪಂಕ್ತಿಯಲ್ಲಿ ಉಂಡು ಬಂದವನು. ಒಂದು ಸಲವಾದರೂ ಶಾಮಿಯಾನ ಕಟ್ಟುವವನಾಗದೆ, ಅದರಡಿಯಲ್ಲಿ ಗೌರವದಿಂದ ಕೂರುವವನಾಗಬೇಕು ಎಂಬುದೇ ಅವನ ಆಸೆ. ಉಳಿದದ್ದನ್ನೆಲ್ಲ ಗೇಲಿ ಮಾಡಬಹುದು, ಇದೊಂದನ್ನು ಮಾಡಲು ಬಾಯಿ ಬರುವುದಿಲ್ಲ. ಆ ವರ್ಷ ಬರಬೇಕಾಗಿದ್ದ ಕಂಪನಿಗಳೆಲ್ಲ ಬಂದು ಹೋಗಿ ಒಂದೇ ಒಂದು ಉಳಿದಿತ್ತು. “ಇದೂ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಅಂಗಡಿಗೆ ಬಂದ್ಬಿಡಪ್ಪ” ಎಂದು ಮೈಲಾರಪ್ಪ ಹೇಳಿಯಾಗಿತ್ತು.

ಆಗ ಪ್ಲೇಸ್‌ಮೆಂಟ್ ಆಫೀಸರ್ ಸುಧೀಂದ್ರ ಸರ್, ಇಪ್ಪತ್ತೆರಡು ವರ್ಷಗಳಿಂದ ತಾವು ಒಂದೇ ಒಂದು ಸಂದರ್ಶನಕ್ಕೂ ಹೋಗದೆ ಸಂದರ್ಶನಶಾಸ್ತ್ರಪಾರಂಗತರೆನಿಸಿದ ಆ ಆಚಾರ್ಯರು, ಶಿಷ್ಯಕೋಟಿಗೆ ಮಹಾಸ್ತ್ರಗಳನ್ನು ಉಪದೇಶಿಸಿದರು.

“ಬಾಗಿಲು ಮೂರು ಸಲ ಬಡೀಬೇಕು, ಜಾಸ್ತಿನೂ ಇಲ್ಲ ಕಮ್ಮಿನೂ ಇಲ್ಲ. ಕೂತ್ಕೊಳ್ಳಿ ಅನ್ನೋ ತನಕ ಕೂರಬಾರ್ದು. ಅವರು ಏನೇ ಹೇಳಲಿ, ಮೊದಲು ನಗ್ತಾ ನಗ್ತಾ ಎಸ್ ಸರ್. ಅಲ್ಲ, ಇಲ್ಲ ಅನ್ನೋದು ಬಾಯಲ್ಲಿ ಬರಕೂಡದು.”

“ಸರ್, ಲೇತ್ ಮಷೀನ್ ಬಗ್ಗೆ ಕೇಳಿದ್ರೆ?” ಎಂದ, ಓಬಳೇಶನ ರೂಮಿನವನಾದ ಕರಿಬಸವ.

“ಅದೆಲ್ಲ ಆಮೇಲಯ್ಯ. ಮೊದಲು ಬಾಗಿಲು.”

ಅಂದಿನಿಂದ ಒಂದು ತಿಂಗಳು ಹಾಸ್ಟೆಲಿನ ಹದಿನಾಲ್ಕನೆಯ ನಂಬರಿನ ಬಾಗಿಲಿಗೂ ಓಬಳೇಶನಿಗೂ ನಡೆದ ಘೋರಸಮರವನ್ನು ಏನೆಂದು ಬಣ್ಣಿಸುವುದು. ಬೆರಳ ಗಿಣ್ಣು ಬಾತುಕೊಂಡಿತು, ಬಾಗಿಲಿನ ಬಣ್ಣ ಎದ್ದುಹೋಯಿತು, ಪಕ್ಕದ ರೂಮಿನವರು ಎರಡು ಸಲ ವಾರ್ಡನ್ನಿಗೆ ದೂರು ಕೊಟ್ಟರು. ವೀರನು ಜಗ್ಗಲಿಲ್ಲ. ಲೇತಿನ ಪುಸ್ತಕ ಹಿಡಿದು ಕೂತಿದ್ದ ಕರಿಬಸವನನ್ನು ಕಂಡು ಗರ್ಜಿಸಿದನು: “ಎಲವೋ ಪುಸ್ತಕಕೀಟವೇ, ಮತ್ಪ್ರವೇಶಮಾತ್ರದಿಂದಲೇ ಆ ಕಂಪನಿಯ ಅಧಿಕಾರಿಗಳು ಪುಳಕಿತಗಾತ್ರರಾಗಿ ನೇಮಕಪತ್ರಹಸ್ತರಾಗದಿದ್ದರೆ ನಾನು ಓಬಳೇಶನೇ ಅಲ್ಲ.” ಅವನು ಆಡಿದ ಮಾತಿನಲ್ಲೇ ಹೇಳುವುದಾದರೆ, “ನೋಡ್ತಿರು ಮಗಾ, ನಾನು ಒಳಗೆ ಹೋಗೋ ಸ್ಟೈಲಿಗೇ ಸೆಲೆಕ್ಟು.”

ಆ ಮಹಾದಿನವೂ ಬಂದಿತು. ಸೆಮಿನಾರ್ ಹಾಲಿನಲ್ಲಿ ಪರೀಕ್ಷೆ ನಡೆಯುತ್ತಿದ್ದುದರಿಂದ ಸಂದರ್ಶನವನ್ನು ಬಯಲಿಗೆ ಹಾಕಿದ್ದರು. ಮಧ್ಯಾಹ್ನ ಮೂರೂವರೆಗೆ ತನ್ನ ಹೆಸರು ಕೂಗಿದಾಗ, ಇಸ್ತ್ರಿಯ ಗೆರೆ ಮುರಿಯದಂತೆ ಹೆಜ್ಜೆಯಿಡುತ್ತ ಕಟ್ಟಡದ ಮೂಲೆ ತಿರುಗಿದ ಓಬಳೇಶ ಅಲ್ಲೇ ನಿಂತುಬಿಟ್ಟ. ಎದುರಿಗೆ ಕೆಂಪು ಹಳದಿ ಪಟ್ಟೆಯ ಶಾಮಿಯಾನ. ಅಂಚಿನಲ್ಲಿ ಮಾವನ ಹೆಸರು. ಯಾವ ಬಾಗಿಲಿಗಾಗಿ ಬೆರಳನ್ನು ಬಲಿಗೊಟ್ಟಿದ್ದನೋ, ಯಾವ ಬಾಗಿಲನ್ನು ಕನಸಿನಲ್ಲೂ ಮೂರೇ ಸಲ ಬಡಿದಿದ್ದನೋ, ಯಾವ ಬಾಗಿಲಿನಾಚೆ ತನ್ನ ಕುರ್ಚಿ ಕಾದಿದೆಯೆಂದು ನಂಬಿದ್ದನೋ, ಆ ಬಾಗಿಲೇ ಅಲ್ಲಿರಲಿಲ್ಲ.

ಏನು ಮಾಡಬೇಕೆಂದು ತೋಚಲಿಲ್ಲ. ಗುರುವಾಕ್ಯ ಮೀರುವಂತಿಲ್ಲ. ಮುಂದಿನ ಕಬ್ಬಿಣದ ಕಂಬದ ಹತ್ತಿರ ಹೋಗಿ, ಬೆರಳು ಮಡಿಸಿ, ಅದನ್ನೇ ಬಡಿದ. ಟಣ್, ಟಣ್, ಟಣ್.

ಒಳಗಿದ್ದ ಇಬ್ಬರು ಅಧಿಕಾರಿಗಳ ಮುಖಕ್ಕೆ ಇಳಿಬಿಸಿಲು ನೇರವಾಗಿ ಹೊಡೆಯುತ್ತಿತ್ತು. ಹಿರಿಯರು ಫೈಲನ್ನು ಹಣೆಗೆ ಅಡ್ಡ ಹಿಡಿದು ನೋಡಿದರೆ, ಯಾರೋ ಕಂಬ ತಟ್ಟಿ ನೋಡುತ್ತಿದ್ದಾರೆ.

“ಸದ್ಯ, ಬಂದ್ಯಾ. ಆಗ್ಲಿಂದ ಕಣ್ಣು ಬಿಡೋಕಾಗ್ತಿಲ್ಲ. ಈ ಕಡೆ ಪರದೆ ಸ್ವಲ್ಪ ಕಟ್ಟಪ್ಪ.”

‘ಅಲ್ಲ ಸರ್, ನಾನು ಸಂದರ್ಶನಕ್ಕೆ ಬಂದವನು’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ವಾಕ್ಯ ನಿಷೇಧಿತ ಪದದಿಂದಲೇ ಶುರುವಾಗುತ್ತದೆ. ಓಬಳೇಶ ಹಲ್ಲು ಕಾಣುವಂತೆ ನಕ್ಕ.

“ಎಸ್ ಸರ್.”

ಆಮೇಲಿನದನ್ನು ಮನಸ್ಸು ಮಾಡಲಿಲ್ಲ, ಕೈ ಮಾಡಿತು. ಸದ್ಗುಣಸಂಪುಟವಾದ ಫೈಲನ್ನು ಹಲ್ಲಿನಲ್ಲಿ ಕಚ್ಚಿ, ಟೈಯನ್ನು ಹೆಗಲ ಮೇಲೆ ಎಸೆದುಕೊಂಡು, ಮಡಿಕೆ ಬಿಡಿಸಿ, ಹಗ್ಗವನ್ನು ಎರಡು ಸುತ್ತು ಸುತ್ತಿ ಒಂದೇ ಎಳೆತಕ್ಕೆ ಬಿಗಿದ. ನೆರಳು ಬಿತ್ತು. ಅಧಿಕಾರಿಗಳು ನೆಮ್ಮದಿಯಿಂದ ಕಣ್ಣುಜ್ಜಿಕೊಂಡು ಕಾಗದಗಳ ಮೇಲೆ ಬಗ್ಗಿದರು. ಅವನು ಖಾಲಿ ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ನಿಂತ. ಕೂತ್ಕೊಳ್ಳಿ ಎನ್ನಬೇಕಲ್ಲ.

“ಆಯ್ತಲ್ಲಪ್ಪ, ಥ್ಯಾಂಕ್ಸ್. ಹೊರಗಡೆ ಯಾರಿದ್ದಾರೋ ಕಳಿಸು” ಎಂದರು ಹಿರಿಯರು, ತಲೆಯೆತ್ತದೆ.

“ಎಸ್ ಸರ್.”

ಮೂಲೆಯಲ್ಲಿ ಕರಿಬಸವ ಕಾಯುತ್ತಿದ್ದ. “ಏನ್ ಕೇಳಿದ್ರೋ?”

“ಪರದೆ ಕಟ್ಟು ಅಂದ್ರು.”

“ಅದು ಟೆಕ್ನಿಕಲ್ ರೌಂಡಾ?” ಎನ್ನುತ್ತ ಕರಿಬಸವ ಗಾಬರಿಯಲ್ಲಿ ಒಳಗೆ ಓಡಿದ.

ಅಷ್ಟರಲ್ಲಿ ಪಟ್ಟಿ ಹಿಡಿದು ಬಂದ ಸುಧೀಂದ್ರ ಸರ್, “ಓಬಳೇಶ, ನಿಂದು ಆಯ್ತಲ್ಲ?” ಎಂದರು. ಒಂದು ತಿಂಗಳು ತಿದ್ದಿ ತೀಡಿದ ನಾಲಿಗೆ ಇನ್ನೇನು ತಾನೇ ಹೇಳೀತು. ಎಸ್ ಸರ್ ಎಂದಿತು. ಆಚಾರ್ಯರು ಮೆಚ್ಚಿ ತಲೆದೂಗಿ, ಅವನ ಹೆಸರಿನ ಮುಂದೆ ಗುರುತು ಹಾಕಿಕೊಂಡರು.

ಐದು ಗಂಟೆಗೆ ಕರಿಬಸವನೂ ಸೇರಿ ಆರು ಹೆಸರು ಓದಿದರು. ಆರು ಜನಕ್ಕೂ ಕೇಳಿದ್ದು ಬರೀ ಲೇತಿನ ವಿಷಯವಂತೆ.

ಕಂಪನಿಯ ಕಾರು ಹೊರಟ ಮೇಲೆ ಮೈಲಾರಪ್ಪ ಲಗೇಜ್ ಆಟೋ ತಂದ. ಪರದೆಯ ಗಂಟಿನ ಮುಂದೆ ನಿಂತು ಬೆರಳಾಡಿಸಿದ. “ಇದು ನಮ್ಮ ಕೆಲಸದೋರ ಕೈ ಅಲ್ಲ. ಯಾರು ಕಟ್ಟಿದ್ದು?” ಎಂದು ತಿರುಗಿದರೆ, ಟೈ ಇನ್ನೂ ಹೆಗಲ ಮೇಲೇ ಇದ್ದ ಅಳಿಯ ಒಳಗೆ ಬಂದು, ಯಾರೂ ಕೂತ್ಕೊಳ್ಳಿ ಎನ್ನದೆಯೇ, ಅಧಿಕಾರಿಗಳ ಮೇಜಿನೆದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂತಿದ್ದ.

ಮೈಲಾರಪ್ಪ ಅವನನ್ನೂ ಗಂಟನ್ನೂ ಎರಡೆರಡು ಸಲ ನೋಡಿದ. ಉಳಿದ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸುವಷ್ಟು ಹೊತ್ತು ಬಿಟ್ಟು, ಮೆತ್ತಗೆ ಅಂದ: “ಏಳಪ್ಪ, ಕುರ್ಚಿ ಎತ್ತಬೇಕು.”

“ಎಸ್ ಸರ್” ಎಂದ ಓಬಳೇಶ.