ಇಂಟರ್‌ವಲ್ ತನಕ ಒದೆ

ಸಿನಿಮಾ ನೋಡಿ ಕೆಟ್ಟವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಸಿನಿಮಾ ನೋಡದೆಯೇ ಕೆಟ್ಟವನು ಬಹುಶಃ ನಾನೊಬ್ಬನೇ. ಟೂರಿಂಗ್ ಟಾಕೀಸಿನ ಬೆಂಚಿನಲ್ಲಿ ತಿಗಣೆ ಕಚ್ಚಿದಂದಿನಿಂದ ನಾನು ಆ ಕಡೆ ತಲೆ ಹಾಕಿದವನಲ್ಲ. ಊರಿಗೆಲ್ಲ ಕೇಬಲ್ ಟೀವಿ ಬಂದ ಮೇಲೂ ವಾರ್ತೆ ಮುಗಿದರೆ ಮಲಗುತ್ತಿದ್ದೆ. ಅಂಥವನಿದ್ದ ಬೇಲೂರು ತಾಲ್ಲೂಕು ಕಚೇರಿಯ ಕಬಡ್ಡಿ ತಂಡಕ್ಕೆ ತರಬೇತುದಾರರಾಗಿ ಸಿಕ್ಕಿದವರು ಬಿಕ್ಕೋಡಿನ ನಿವೃತ್ತ ಡ್ರಿಲ್ ಮೇಷ್ಟ್ರು ರಂಗಪ್ಪನವರು. ಹಿಡಿತ ಬಿಡಿಸಿಕೊಳ್ಳುವುದು ಹೇಗೆ ಎಂದು ಕೇಳಿದರೆ, "ವಿಲನ್ ಕಡೇವ್ರು ಸುತ್ಕಂಡಾಗ ಹೀರೋ ಏನ್ ಮಾಡ್ತಾನೆ, ಅದ್ನೇ ಮಾಡ್ರಿ" ಎನ್ನುವ ವಿದ್ವಾಂಸರು. ಹೊಟ್ಟೆ ಮುಂದಿದ್ದ ನಮ್ಮ ಶಿರಸ್ತೇದಾರರಿಗೆ ಹಾಸ್ಯನಟನ ಪಾತ್ರ ಕೊಟ್ಟಿದ್ದರು. ಅವರು ಅಭ್ಯಾಸವಿಲ್ಲದೆಯೇ ಅದನ್ನು ನಿಭಾಯಿಸುತ್ತಿದ್ದರು. ಸಣಕಲ, ಓಡಬಲ್ಲ ಎಂಬ ಒಂದೇ ಕಾರಣಕ್ಕೆ ನಾನು ಹೀರೋ.

ಜಿಲ್ಲೆಯ ನೌಕರರ ಪಂದ್ಯಾವಳಿಯ ಫೈನಲಿನಲ್ಲಿ ಅರಸೀಕೆರೆ ಕಚೇರಿಯವರು ಹಿಂದಿನ ಎರಡು ವರ್ಷವೂ ನಮ್ಮನ್ನು ಸೋಲಿಸಿದ್ದರು. ಮೂರನೆಯ ಸಲವೂ ಗೆದ್ದರೆ ಕಪ್ಪು ಶಾಶ್ವತವಾಗಿ ಅವರದೇ ಎಂಬುದು ಪದ್ಧತಿ. "ಕಪ್ ಹೋದ್ರೆ ಹಾಸನದ ಮೀಟಿಂಗಿಗೆ ಯಾವ ಮುಖ ಇಟ್ಕಂಡ್ ಹೋಗ್ಲಿ" ಎಂದು ನಮ್ಮ ಸಾಹೇಬರು ಊಟ ಬಿಟ್ಟಿದ್ದರು.

ಹಳೇಬೀಡಿನ ಮೈದಾನದಲ್ಲಿ ಫೈನಲ್. ಮೇಷ್ಟ್ರು ನಮ್ಮನ್ನು ಗುಂಪುಗೂಡಿಸಿ, "ಇಂಟರ್‌ವಲ್ ತನಕ ಹೀರೋ ಒದೆ ತಿನ್ಲೇಬೇಕು ಕಣ್ರೀ. ಆಮ್ಯಾಕೆ ಐತೆ ಮಜಾ" ಎಂದರು. ಪಾಪ, ಧೈರ್ಯ ತುಂಬಲು ಆಡಿದ ಮಾತು. ಆದರೆ ನಾವು ಸರ್ಕಾರಿ ನೌಕರರು, ಮೇಲಿನವರ ಅಪ್ಪಣೆಯನ್ನು ಅಕ್ಷರಶಃ ಪಾಲಿಸುವವರು. ಮೊದಲರ್ಧ ನೆಮ್ಮದಿಯಾಗಿ ಒದೆ ತಿಂದೆವು. "ಇರ್ಲಿ ಬಿಡ್ರೀ, ಇನ್ನೂ ಇಂಟರ್‌ವಲ್ ಆಗಿಲ್ಲ" ಎಂದು ಶಿರಸ್ತೇದಾರರು ಬಿದ್ದಲ್ಲಿಂದಲೇ ಸಮಾಧಾನ ಹೇಳುತ್ತಿದ್ದರು.

ಆಶ್ಚರ್ಯವೆಂದರೆ, ವಿರಾಮದ ನಂತರ ನಿಜಕ್ಕೂ ಚೇತರಿಸಿಕೊಂಡೆವು. ಅಂಕ ಸಮವಾಯಿತು. ಕೊನೆಯ ದಾಳಿ ನನ್ನದು. ಉಸಿರು ಕಟ್ಟಿ ನುಗ್ಗಿದೆ, ಅವರ ಗುಮಾಸ್ತನೊಬ್ಬನ ಭುಜ ಮುಟ್ಟಿದೆ, ತಿರುಗಿ ಓಡಿದೆ. ನಡುಗೆರೆ ಒಂದು ಮಾರು ದೂರ, ಕೈಗೆಟುಕುವಷ್ಟು ಹತ್ತಿರ ಯಾರೂ ಇಲ್ಲ. ಮಾದಿಹಳ್ಳಿಯಿಂದ ಬಂದಿದ್ದ ಜನ ಶಿಳ್ಳೆ ಹೊಡೆದರು. ಆಗ ನನಗೇನಾಯಿತೋ ದೇವರೇ ಬಲ್ಲ. ನಿಂತೆ. ನಿಧಾನವಾಗಿ ಹಿಂದಕ್ಕೆ ತಿರುಗಿದೆ. ಬನಿಯನ್ನಿಗೆ ಇಲ್ಲದ ಕಾಲರನ್ನು ಸರಿಮಾಡಿಕೊಂಡು ಅರಸೀಕೆರೆಯವರನ್ನು ನೋಡಿ ಒಂದು ನಗೆ ನಕ್ಕೆ. ಮರುಕ್ಷಣ ಅವರೆಲ್ಲ ನನ್ನ ಮೇಲಿದ್ದರು. ಅಡಿಯಲ್ಲಿ ಮಣ್ಣು ತಿನ್ನುತ್ತಿದ್ದ ನನಗೆ ಮೇಷ್ಟ್ರ ಗೊಣಗಾಟ ಕೇಳಿಸಿತು: "ಓವರ್ ಆಕ್ಟಿಂಗ್ ಮಾಡ್ಬುಟ್ಟ."

ಮರುವರ್ಷ ನನಗೆ ಅರಸೀಕೆರೆಗೇ ವರ್ಗವಾಯಿತು. ಕಪ್ಪು ನನ್ನ ಮೇಜಿನೆದುರಿನ ಬೀರುವಿನ ಮೇಲೇ ಇದೆ. ಹೊಸಬರು ಬಂದಾಗಲೆಲ್ಲ ಹೆಡ್‌ಕ್ಲರ್ಕ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಇದನ್ನ ನಮಗೆ ಗೆದ್ದುಕೊಟ್ಟಿದ್ದು ಇವ್ರೇ ಕಣ್ರೀ" ಎಂದು ಪರಿಚಯಿಸುತ್ತಾರೆ. ನಾನು ಎದ್ದು ನಿಂತು, ನಿಧಾನವಾಗಿ ಅವರತ್ತ ತಿರುಗಿ, ಕಾಲರ್ ಸರಿಮಾಡಿಕೊಳ್ಳುತ್ತೇನೆ.