ಕೆಂಪು ಪಟ್ಟಿಯ ಮರದ ಹಣ್ಣು

ನಾವಿರುವ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಹಿಮ ಬೀಳುವ ಹೊತ್ತಿಗೆ ನಾವಿಬ್ಬರೂ ಬೆಚ್ಚಗಿನ ಸಮುದ್ರದಲ್ಲಿ ಕಾಲಾಡಿಸುತ್ತಿರಬೇಕು ಎಂಬ ಘನವಾದ ಯೋಜನೆ ನನ್ನದೇ.

ನಾನೂ ನನ್ನ ಹೆಂಡತಿ ರೇಣುಕಾಳೂ ನರ್ಸ್‌ಗಳು. ಅಮೆರಿಕದಲ್ಲಿ ಟ್ರಾವೆಲ್ ನರ್ಸ್ ಎಂಬ ಏರ್ಪಾಡೊಂದಿದೆ. ಯಾವ ಆಸ್ಪತ್ರೆಯಲ್ಲಿ ನರ್ಸ್‌ಗಳು ಸಾಲುವುದಿಲ್ಲವೋ ಅಲ್ಲಿಗೆ ಕೆಲವು ತಿಂಗಳ ಮಟ್ಟಿಗೆ ಹೋಗಿ ದುಡಿದು ಬರುವುದು. ನಮ್ಮ ಜೊತೆಯವರು ಒಹಾಯೋಗೆ ಹೋದರು, ಡಕೋಟಾಗೆ ಹೋದರು. ನಾನು ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕಕ್ಕೇ ಸೇರಿದ ಒಂದು ಪುಟ್ಟ ದ್ವೀಪವನ್ನು ಆರಿಸಿದೆ. ಆ ಊರಿನ ಬಗ್ಗೆ ನಮಗೇನು ಗೊತ್ತು ಎಂದು ರೇಣುಕಾ ಕೇಳಿದಳು. ಬಾಗಲಕೋಟೆಯ ಬೇಸಿಗೆ ಕಂಡವರಿಗೆ ಬೇರೆ ಏನು ಗೊತ್ತಿರಬೇಕು ಎಂದು ಅವಳ ಬಾಯಿ ಮುಚ್ಚಿಸಿದೆ.

ಮೊದಲ ಕೆಲವು ವಾರ ನನ್ನ ಮಾತೇ ನಿಜವಾಯಿತು. ಅವಳಿಗೆ ಎಮರ್ಜೆನ್ಸಿ ವಿಭಾಗ, ನನಗೆ ವಾರ್ಡು. ರಜೆ ಸಿಕ್ಕ ದಿನ ದೋಣಿ ಹತ್ತಿ ಅಕ್ಕಪಕ್ಕದ ದ್ವೀಪಗಳಿಗೆ ಹೋಗುತ್ತಿದ್ದೆವು. ಒಂದರಲ್ಲಿ ಪೆಲಿಕನ್ ಹಕ್ಕಿ ನನ್ನ ಟೋಪಿ ಒಯ್ಯಲು ನೋಡಿತು. ಇನ್ನೊಂದರಲ್ಲಿ ಆಮೆಯ ಪಕ್ಕದಲ್ಲೇ ಈಜಿದೆವು. ಇದನ್ನೆಲ್ಲ ನೋಡಿದರಷ್ಟೇ ಸಾಕೇ? ಎಡಿಸನ್ನಿನವರಿಗೆ ತೋರಿಸಬೇಡವೇ? ಗೆಳೆಯ ಶ್ರೀಧರ ಮನೆ ಮುಂದೆ ಸಲಿಕೆ ಹಿಡಿದು ಹಿಮ ಎತ್ತುವ ಹೊತ್ತನ್ನೇ ಲೆಕ್ಕ ಹಾಕಿ ವಿಡಿಯೋ ಕಾಲ್ ಮಾಡುತ್ತಿದ್ದೆ.

ಆ ಭಾನುವಾರವೂ ಮಾಡಿದೆ. ಶ್ರೀಧರನ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ, ನಮ್ಮ ಕನ್ನಡ ಬಳಗವೆಲ್ಲ ಸೇರಿತ್ತು. ಅವನು ಫೋನನ್ನು ಊಟದ ಮೇಜಿನ ಮೇಲೆ ಒರಗಿಸಿಟ್ಟ. ಇತ್ತ ನಾನು ಜನರೇ ಇಲ್ಲದ ಒಂದು ಕಡಲತೀರದಲ್ಲಿ ಮರದ ನೆರಳಿನಲ್ಲಿದ್ದೆ. ರೇಣುಕಾ ದೂರದಲ್ಲಿ ಈಜುತ್ತಿದ್ದಳು.

ಮರ ಚೆನ್ನಾಗಿತ್ತು. ಕಾಂಡಕ್ಕೆ ಕೆಂಪು ಬಣ್ಣದ ದಪ್ಪ ಪಟ್ಟಿ ಬಳಿದಿದ್ದರು. ನಮ್ಮ ಕಡೆ ಹೆದ್ದಾರಿ ಬದಿಯ ಮರಗಳಿಗೆ ಬಳಿದಿರುತ್ತಾರಲ್ಲ, ಹಾಗೆಯೇ. ಇಷ್ಟು ಸಣ್ಣ ದ್ವೀಪದಲ್ಲೂ ಲೋಕೋಪಯೋಗಿ ಇಲಾಖೆ ಎಷ್ಟು ಮುತುವರ್ಜಿಯಿಂದ ಕೆಲಸ ಮಾಡುತ್ತಿದೆ ಎಂದು ಮೇಜಿನ ಸುತ್ತ ಕೂತವರಿಗೆಲ್ಲ ಆ ಪಟ್ಟಿಯನ್ನು ತೋರಿಸಿ ಹೊಗಳಿದೆ. ಮರದಡಿ ಹಣ್ಣು ಬಿದ್ದಿದ್ದವು. ಹಸಿರು ಮಿಶ್ರಿತ ಹಳದಿ, ನಮ್ಮ ಕಡೆಯ ಬಾರಿಹಣ್ಣು, ಅಂದರೆ ಎಲಚಿಹಣ್ಣಿಗಿಂತ ಸ್ವಲ್ಪ ದಪ್ಪ. ಮೂಸಿ ನೋಡಿದೆ, ಘಮ್ಮೆಂದಿತು.

“ಗೊತ್ತಿಲ್ದೇ ತಿನ್ಬೇಡ ಕಣಯ್ಯಾ,” ಎಂದ ಶ್ರೀಧರ.

ನೀವು ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಹಣ್ಣು ಕೊಂಡು ತಿನ್ನುವ ಜನ, ನಾನು ಹೊಲದಲ್ಲಿ ಬಾರಿಹಣ್ಣು ಆರಿಸಿ ತಿಂದು ಬೆಳೆದವನು ಎಂದು ಒಂದು ಸಣ್ಣ ಭಾಷಣ ಮಾಡಿದೆ. ಆಮೇಲೆ, ಎಲ್ಲರಿಗೂ ಕಾಣುವಂತೆ ಫೋನನ್ನು ದೂರ ಹಿಡಿದು, ಕಚ್ಚಿದೆ.

ಸಿಹಿಯಾಗಿತ್ತು! ಹಾಗಂತ ಹೇಳಿ ಇನ್ನೊಂದು ತುಂಡು ಕಚ್ಚಿದೆ.

ಮೊದಲು ಮೆಣಸು ಅಗಿದ ಹಾಗೆ ಚುರುಗುಟ್ಟಿತು. ಮರುಕ್ಷಣ ಯಾರೋ ಒಲೆಯೊಳಗಿನ ಕೆಂಡವನ್ನು ನಾಲಿಗೆಯ ಮೇಲೆ ಇಟ್ಟಂತಾಯಿತು. ಉಗುಳಿದೆ. ಸಮುದ್ರದ ನೀರನ್ನು ಬಾಯಿಗೆ ಹಾಕಿಕೊಂಡೆ. ಉಪ್ಪುನೀರು ಸೋಕಿದ್ದೇ ತಡ, ನಾನು ಕೂಗಿದ ಕೂಗು ನನಗೇ ಅಪರಿಚಿತವಾಗಿತ್ತು. ಫೋನು ಮರಳಿಗೆ ಬಿತ್ತು. ರೇಣುಕಾ ಓಡಿ ಬರುವಷ್ಟರಲ್ಲಿ ತುಟಿ ಊದಿ, ಗಂಟಲಲ್ಲಿ ಏನೋ ಬಿಗಿದುಕೊಳ್ಳುತ್ತಿತ್ತು. ನಾನು ಅರ್ಧ ತಿಂದ ಹಣ್ಣನ್ನು ತೋರಿಸಿದೆ. ಅವಳು ಬೈಯಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

“ಉಸುರು ಆಡ್ತದೇನ್ರಿ? ಆಡಿದ್ರ ತಲಿ ಅಲ್ಲಾಡಸ್ರಿ.”

ಅಲ್ಲಾಡಿಸಿದೆ. ನನ್ನನ್ನು ಕಾರಿಗೆ ತಳ್ಳಿ ಸ್ಟೇರಿಂಗ್ ಹಿಡಿದಳು. ಇಲ್ಲೊಂದು ತೊಡಕಿತ್ತು. ಅಮೆರಿಕದ್ದೇ ಆದರೂ ಆ ದ್ವೀಪದಲ್ಲಿ ರಸ್ತೆಯ ಎಡಗಡೆ ಓಡಿಸಬೇಕು. ರೇಣುಕಾ ಡ್ರೈವಿಂಗ್ ಕಲಿತದ್ದೇ ನ್ಯೂಜೆರ್ಸಿಯಲ್ಲಿ. ಅಲ್ಲಿಯವರೆಗೆ ಪ್ರತಿ ಸಲ ನಾನೇ ಓಡಿಸಿದ್ದೆ. ಈಗ ಅವಳು ಅಭ್ಯಾಸಬಲದಿಂದ ಬಲಕ್ಕೆ ಹೊರಟಳು. ಎದುರಿಗೆ ಬಾಳೆಗೊನೆ ತುಂಬಿದ ಟ್ರಕ್ಕು. ನಾನು ಮಾತಾಡಲಾರೆ. ಎಡಗೈ ಬೀಸಿ ಬೀಸಿ ತೋರಿಸಿದೆ. ಗಂಡನಿಗೆ ಫಿಟ್ಸ್ ಬಂತೆಂದು ತಿಳಿದು ಅವಳು ಇನ್ನೂ ಜೋರಾಗಿ ಓಡಿಸಿದಳು! ಟ್ರಕ್ಕಿನವನೇ ಪುಣ್ಯಾತ್ಮ, ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಇಳಿಸಿದ.

ಆಸ್ಪತ್ರೆಯಲ್ಲಿ ಆ ದಿನದ ಮುಖ್ಯ ನರ್ಸ್ ಕ್ಲಾಡೆಟ್ ಎಂಬ ಹೆಂಗಸು. ಅಲ್ಲಿಯೇ ಹುಟ್ಟಿ ಬೆಳೆದವರು, ದೊಡ್ಡ ಮೈಕಟ್ಟು, ಯಾವುದಕ್ಕೂ ಗಾಬರಿಯಾಗದವರು. ನನ್ನ ಮುಖ ನೋಡಿದ ತಕ್ಷಣ ಅವರು ಮರದ ಹೆಸರು ಹೇಳಿದರು, ಮ್ಯಾಂಚಿನೀಲ್. ಅದರ ಹಣ್ಣು, ಎಲೆ, ಕಾಂಡದಿಂದ ಒಸರುವ ರಸ ಎಲ್ಲವೂ ವಿಷ, ಮಳೆಯಲ್ಲಿ ಅದರ ಕೆಳಗೆ ನಿಂತರೂ ಮೈ ಬೊಬ್ಬೆ ಏಳುತ್ತದಂತೆ. ಯಾರೂ ಹತ್ತಿರ ಹೋಗದಿರಲಿ ಎಂದೇ ಅದಕ್ಕೆ ಕೆಂಪು ಪಟ್ಟಿ ಬಳಿಯುತ್ತಾರೆ. ಪಟ್ಟಿ ಕಾಣಲಿಲ್ಲವೇ ಎಂದು ಕೇಳಿದರು. ಕಂಡಿತು ಎಂದು ತಲೆಯಾಡಿಸಿದೆ. ಮತ್ತೇಕೆ ತಿಂದೆ ಎಂದರು. ಕೈ ಒರೆಸುವ ಕಾಗದದ ಮೇಲೆ ಬರೆದು ತೋರಿಸಿದೆ: ‘ನಮ್ಮ ದೇಶದಲ್ಲಿ ಎಲ್ಲ ಮರಕ್ಕೂ ಬಳಿಯುತ್ತಾರೆ.’ ಕ್ಲಾಡೆಟ್ ಅದನ್ನು ಎರಡು ಸಲ ಓದಿ, ಬಾಯುರಿಗೆಂದು ಕುಡಿಯುವ ಹಾಲು ತರಲು ಹೋದರು.

ಆ ದಿನ ಆಸ್ಪತ್ರೆಯಲ್ಲಿ ಜನ ಸಾಲದೆ, ಒದ್ದೆ ಬಟ್ಟೆಯ ಮೇಲೆ ಗೌನು ತೊಟ್ಟು ರೇಣುಕಾಳೇ ನನಗೆ ಐವಿ ಹಾಕಲು ನಿಂತಳು. ಕತ್ತಲಲ್ಲೂ ನರ ಹುಡುಕುವವಳು ಎಂದು ಅವಳಿಗೆ ಹೆಸರು. ಮೊದಲ ಸಲ ಸೂಜಿ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಅಲ್ಲಿಯವರೆಗೆ ನಾನು ನೋವಿನಲ್ಲಿದ್ದೆ. ಸಾಯಬಹುದು ಎಂದು ಹೊಳೆದದ್ದು ಅವಳ ಸೂಜಿ ಎರಡು ಸಲ ತಪ್ಪಿದಾಗಲೇ. ಅವಳ ಮಣಿಕಟ್ಟನ್ನು ಹಿಡಿದುಕೊಂಡೆ. ಮೂರನೆಯ ಸಲ ಸರಿಯಾಯಿತು.

ಔಷಧಿ ಇಳಿದಂತೆ ಗಂಟಲು ಸಡಿಲವಾಯಿತು. ನಿಗಾ ಇಡಲೆಂದು ನಾನು ಕೆಲಸ ಮಾಡುವ ವಾರ್ಡಿಗೇ ಸೇರಿಸಿದರು. ಪಕ್ಕದ ಹಾಸಿಗೆಯ ಮುದುಕನಿಗೆ ಹಿಂದಿನ ದಿನವಷ್ಟೇ ನಾನು, ಬಾಯಿಗೆ ಏನು ಹಾಕಿಕೊಳ್ಳುತ್ತೀರಿ ಎಂದು ಯೋಚಿಸಿ ಎಂದು ಉಪದೇಶ ಮಾಡಿದ್ದೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಲಿಗೆ ಬಿಚ್ಚೀತು ಎಂದು ಅವನನ್ನು ಬೇರೆ ಕೋಣೆಗೆ ಸಾಗಿಸಬೇಕಾಯಿತು.

ಸಂಜೆ ಶ್ರೀಧರನ ನೆನಪಾಗಿ ರೇಣುಕಾಳ ಫೋನಿನಲ್ಲಿ ವಿಚಾರಿಸಿದರೆ ಅಲ್ಲಿಯ ಕಥೆಯೇ ಬೇರೆ. ನನ್ನ ಕೂಗು ಕೇಳಿ, ಆಮೇಲೆ ಪರದೆಯ ಮೇಲೆ ಬರೀ ಆಕಾಶ ಕಂಡಾಗ ಅವನು ತುರ್ತು ಸಹಾಯದ ೯೧೧ಕ್ಕೆ ಫೋನ್ ಮಾಡಿದ್ದ. ಅವರು ಅವನ ವಿಳಾಸ ಕೇಳಿದರು, ಗಾಬರಿಯಲ್ಲಿ ಕೊಟ್ಟೇಬಿಟ್ಟ. ಆಂಬ್ಯುಲೆನ್ಸು, ಪೊಲೀಸು, ಬೆಂಕಿ ಆರಿಸುವ ಗಾಡಿ ಹಿಮ ಸೀಳಿಕೊಂಡು ಅವನ ಬಾಗಿಲಿಗೇ ಬಂದವು. ವಿಷ ತಿಂದವನು ಎಲ್ಲಿ ಎಂದರೆ ಎಲ್ಲರೂ ಮೇಜಿನ ಮೇಲಿನ ಫೋನನ್ನು ತೋರಿಸಿದರಂತೆ. ಬಂದವರು ಬರಿಗೈಲಿ ಹೋಗಬಾರದೆಂದು ಶ್ರೀಧರನದೇ ಬಿಪಿ ನೋಡಿದರು. ವಿಪರೀತ ಏರಿತ್ತು. ಅವನನ್ನೇ ಎತ್ತಿಕೊಂಡು ಹೋದರು! ಅಷ್ಟರಲ್ಲಿ ಬಳಗದ ವಾಟ್ಸ್ಆ್ಯಪ್ಪಿನಲ್ಲಿ ನನ್ನನ್ನು ಶಾರ್ಕ್ ಕಚ್ಚಿತ್ತು. ಒಬ್ಬರು ‘ಓಂ ಶಾಂತಿ’ ಎಂದೂ ಹಾಕಿದ್ದರು. ಬಾಗಲಕೋಟೆಯಿಂದ ಅಕ್ಕ ಅಳುತ್ತಾ ಫೋನ್ ಮಾಡಿದಾಗ, ನಾನು ಬದುಕಿದ್ದೇನೆ ಎಂದು ಊದಿದ ಬಾಯಲ್ಲಿ ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ. ಯಾರೋ ಕುಡುಕ ಎಂದು ಇಟ್ಟುಬಿಟ್ಟಳು.

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಕರಾರೂ ಮುಗಿದು ಎಡಿಸನ್ನಿಗೆ ಮರಳಿದೆವು. ಯುಗಾದಿಯ ಕೂಟಕ್ಕೆ ಹೋದಾಗ ಹಿರಿಯ ಆಂಟಿಯೊಬ್ಬರು ಹೊಸಬರಿಗೆ ನಮ್ಮ ಪರಿಚಯ ಮಾಡಿಸಿದರು.

“ಇವಳು ರೇಣುಕಾ. ಆ ದ್ವೀಪದಲ್ಲಿ ಟ್ರಾವೆಲ್ ನರ್ಸ್ ಆಗಿದ್ದಳು. ಇವರು ಅವಳ ಪೇಷೆಂಟು.”

ನಾನೂ ನರ್ಸೇ ಎಂದು ಹೇಳಲು ಬಾಯಿ ತೆರೆದೆ. ಹೊಸಬರು ಬಹಳ ಕನಿಕರದಿಂದ ನನ್ನ ತೋಳು ಹಿಡಿದು ಕುರ್ಚಿಯ ಮೇಲೆ ಕೂರಿಸಿದರು.