ಕಾರಿಲ್ಲದ ಮಾವನ ಚಾರ್ಜರ್

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ, ಅತ್ತೆ ಹೇಳುತ್ತಾರೆ. ನಾನು ಬರೀ ತಲೆಯಾಡಿಸುತ್ತೇನೆ. ಕಾರಿಲ್ಲದ, ಡ್ರೈವಿಂಗ್ ಬಾರದ, ಬ್ರೇಕು ಯಾವ ಕಾಲಿಗೆ ಎಂದೂ ತಿಳಿಯದ ಮನುಷ್ಯ ಹಲಸೂರಿನ ತನ್ನ ಮನೆಗೆ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕಿಸಲು ಮೂರು ತಿಂಗಳು ಒದ್ದಾಡಿದರೆ ಇನ್ನೇನು ಮಾಡಲಿ?

"ಕಾರೆಲ್ಲಿ ಮಾವ?" ಎಂದೆ.

"ಬರುತ್ತೆ ಬಿಡೋ. ಮನೆ ಮಾಡೋಕ್ ಮುಂಚೆ ಯಾರಾದ್ರೂ ಮದುವೆ ಆಗ್ತಾರಾ?"

"ನೀವು ಆಗಿದ್ರಲ್ಲ," ಎಂದರು ಅತ್ತೆ, ಅಡುಗೆಮನೆಯಿಂದ.

ಈ ವಿಷಯದಲ್ಲಿ ಮನೆಯವರ ಪಾಲಿಗೆ ಪಂಡಿತ ನಾನೇ. ಹೊರಮಾವಿನಲ್ಲಿರುವ ನನ್ನ ಹತ್ತಿರ ಎಲೆಕ್ಟ್ರಿಕ್ ಕಾರಿದೆ. ಅದರ ದೊಡ್ಡ ಅನುಕೂಲವೇನು ಗೊತ್ತೇ? ಯಾರ ಮನೆಯಿಂದಲಾದರೂ ಬೇಗ ಏಳಬಹುದು! "ಚಾರ್ಜ್ ಕಮ್ಮಿ ಇದೆ, ಹೊರಡ್ತೀನಿ" ಎಂದರೆ ಯಾರೂ ತಡೆಯುವುದಿಲ್ಲ. ಮಾವನ ಮನೆಯಲ್ಲೂ ಚಪ್ಪಲಿ ಬಿಟ್ಟ ಹತ್ತು ನಿಮಿಷಕ್ಕೆ ಅದೇ ಮಾತು ಹೇಳಿ ಮೆಟ್ಟಿಕೊಳ್ಳುತ್ತಿದ್ದೆ.

ಹೀಗಾಗಿ ಅವರ ಸಂದೇಹಗಳೆಲ್ಲ ಫೋನಿನಲ್ಲಿ ಬಂದವು. ಚಾರ್ಜರ್ ಮೀಟರ್ ಬೋರ್ಡಿನ ಪಕ್ಕವೋ, ಗೇಟಿನ ಪಕ್ಕವೋ? ಕಾರಿನ ತೂತು ಎಡಕ್ಕೋ, ಬಲಕ್ಕೋ? ಮಳೆ ಬಂದರೆ ಕೊಡೆ ಹಿಡಿಯಬೇಕೋ? ನಾನು ಒಂದಕ್ಕೆ ಉತ್ತರ ಕೊಟ್ಟರೆ ಅವರು ಇಸ್ತ್ರಿಯವನನ್ನೂ ಹಾಲಿನವನನ್ನೂ ಕೇಳಿ ಮೂರು ಹೊಸ ಪ್ರಶ್ನೆ ತರುತ್ತಿದ್ದರು. ಮುಂದಿನ ಗೋಡೆಯ ತುಂಬ ಸೀಮೆಸುಣ್ಣದ ಗುರುತು. ಯಾವ ಗುರುತು ಯಾವುದಕ್ಕೆಂದು ಅವರಿಗೂ ಮರೆತುಹೋಗಿ, ನನಗೂ ತಲೆ ಕೆಟ್ಟು, ಕೊನೆಗೆ ಅತ್ತೆ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿಬಿಟ್ಟರು.

ಆಮೇಲೆ ಶಿವಾಜಿನಗರದಿಂದ ಎಲೆಕ್ಟ್ರಿಷಿಯನ್ ಭಾಯ್ ಬಂದರು. ಅರ್ಥಿಂಗಿಗೆ ಗುಂಡಿ ತೋಡಿ ಇದ್ದಿಲು, ಉಪ್ಪು ಸುರಿಯಬೇಕು ಎಂದರು. ಮಾವ ಕಲ್ಲುಪ್ಪಿನ ಮೂಟೆಯನ್ನೇ ಹೊತ್ತು ತಂದರು.

"ಮಾವಿನಕಾಯಿ ಎಲ್ರೀ?" ಎಂದು ಅತ್ತೆ ಕೇಳಿದರು.

ಮುಂದಿನ ಭಾನುವಾರ ಬೆಳಗ್ಗೆ ಕೊನೆಯ ತೀರ್ಮಾನ. ನಾನು ಬರಲೇಬೇಕೆಂದು ಮಾವ ಹಟ ಹಿಡಿದರು. ಹೋದೆ.

"ನೋಡಿ ಸಾಬ್, ಗೋಡೆಗೆ ಈ ಪೆಟ್ಟಿಗೆ ಹಾಕಿದ್ರೆ ಬೇಗ ಆಗ್ತದೆ. ಬರೀ ದಪ್ಪ ಪ್ಲಗ್ ಹಾಕಿದ್ರೆ ದಿನ ಪೂರಾ ಹೋಗ್ತದೆ," ಎಂದರು ಭಾಯ್.

"ಪೆಟ್ಟಿಗೇನೇ ಹಾಕ್ಸಿ ಮಾವ," ಎಂದೆ.

"ಪ್ಲಗ್ಗೇ ಇರಲಿ ಭಾಯ್." ಮೂರು ತಿಂಗಳಲ್ಲಿ ಮಾವ ಗೊಂದಲವಿಲ್ಲದೆ ಆಡಿದ ಮೊದಲ ಮಾತು ಅದು.

ಭಾಯ್ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಅಂತೂ ಪ್ಲಗ್ ಕೂತಿತು, ಭಾಯ್ ಹೊರಟರು. ನಾನೂ ಅಭ್ಯಾಸಬಲದಿಂದ ಎದ್ದೆ. "ಚಾರ್ಜ್ ಕಮ್ಮಿ ಇದೆ ಮಾವ, ಹೊರಡ್ತೀನಿ."

ಮಾವ ಗೇಟು ಅಗಲವಾಗಿ ತೆರೆದರು. "ಹಾಗಾದ್ರೆ ಕಾರು ಒಳಗೆ ತಗೋ. ಡಿಕ್ಕಿಲಿ ವೈರ್ ಇದೆ ತಾನೇ? ದಿನ ಪೂರಾ ಬೇಕಂತೆ. ಊಟ ಮಾಡು, ಒಂದು ನಿದ್ದೆ ತೆಗಿ. ಸಂಜೆ ಕಾಫಿ ಕುಡ್ಕೊಂಡು ಹೋದ್ರಾಯ್ತು."

ಬರುತ್ತದೆ ಎಂದಿದ್ದ ಕಾರು ನನ್ನದೇ. ನನಗೆ ನಾಚಿಕೆಯಾಯಿತು. ಬೇಸಿಗೆ ರಜೆ ಮುಗಿದಾಗ ವಾಪಸ್ ಹೋಗಲ್ಲವೆಂದು ಇದೇ ಗೇಟು ಹಿಡಿದು ಅಳುತ್ತಿದ್ದವನು ನಾನು. ಅತ್ತೆ ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ಅಳೆದರು.

ಕಾರು ಒಳಗೆ ತಂದೆ. ಮಾವ ಕಿಟಕಿಯಲ್ಲಿ ಬಗ್ಗಿ, "ಎಷ್ಟಿದೆಯೋ?" ಎಂದರು. ಪರದೆಯ ಮೇಲೆ ತೊಂಬತ್ತು ಪರ್ಸೆಂಟ್ ಎಂದಿತ್ತು. ಅದಕ್ಕೆ ಕೈ ಅಡ್ಡ ಹಿಡಿದು ಹೇಳಿದೆ, "ಪೂರ್ತಿ ಖಾಲಿ ಮಾವ. ಸಂಜೆವರೆಗೂ ಬೇಕು."